ಕೋಡಿಗಿಂತ ಒಡ್ಡಿನ ನಡು ಕೆಳಗಿದ್ದರೆ: ಕಪ್ಪತಗುಡ್ಡದ ಸೆರಗಿನ ಒಂದು ಮೇವಿನ ಹೊಲದ ರಿಪೇರಿ

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕು, ಕಪ್ಪತಗುಡ್ಡದ ಸೆರಗು. ಮೇಲ್ಗಡೆ 6 ಎಕರೆ ಮಸಾರಿ (ಕೆಂಪು ಮಣ್ಣಿನ) ನೆಲ, ಗರಸು (ಸಣ್ಣ ಕಲ್ಲಿನ ಗಟ್ಟಿ ಮಣ್ಣು) ಬೆರೆತದ್ದು, ದನ ಮೇಯಲಿಕ್ಕೆ ಬಿಟ್ಟದ್ದು. ಕೆಳಗೆ 2 ಎಕರೆ ಎರಿ (ಕಪ್ಪು ಮಣ್ಣು), ಹಿಂಗಾರಿ ಜೋಳ ಮತ್ತು ಕಡಲೆಯ ಹೊಲ. ಎರಡರ ನಡುವೆ 380 ಅಡಿ ಉದ್ದದ ಹಳೇ ಮಣ್ಣಿನ ಒಡ್ಡು. ಹೋದ ವರ್ಷದ ಉತ್ತರಿ ಮಳೆಗೆ ಒಡ್ಡಿನ ನಟ್ಟನಡುವೆ 12 ಅಡಿ ಕಿತ್ತುಹೋಯಿತು. ಅಲ್ಲಿಂದ ಎರಿ ಹೊಲದ ಎದೆ ಸೀಳಿಕೊಂಡು 200 ಅಡಿ ಕೊರಕಲು ಬಿದ್ದಿತು. ಮೇಲೆ 9 ಅಡಿ ಅಗಲ, ತಳದಲ್ಲಿ 4 ಅಡಿ, ಆಳ 4 ಅಡಿ. ಈ ನೆಲದ ಮೇಲೆ ಬದುಕುವ ದನ ನಾಲ್ಕು: ಎರಡು ಎತ್ತು, ಎರಡು ಆಕಳು.

ಇಂಥ ಹೊಲ ನೋಡಿದವರ ಕಣ್ಣು ಮೊದಲು ಹೋಗುವುದು ಕೊರಕಲಿನ ಮೇಲೆ. ಜೆಸಿಬಿ ತಂದು ಮಣ್ಣು ತುಂಬಿಸಿಬಿಡಿ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಕೊರಕಲಿಗೆ ಸಡಿಲವಾಗಿ ತುಂಬಿದ ಎರಿ ಮಣ್ಣು ಮುಂದಿನ ಹಸ್ತ ಮಳೆಗೆ ಹಳ್ಳ ಸೇರುತ್ತದೆ, ಜೆಸಿಬಿ ಬಾಡಿಗೆಯ ಲೆಕ್ಕ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಕೊರಕಲು ರೋಗವಲ್ಲ, ರೋಗದ ಗುರುತು. ಅದಕ್ಕೇ ಈ ಕೆಲಸವನ್ನು ಮೇಲಿನಿಂದ ಕೆಳಕ್ಕೆ ಮಾಡಿದ್ದು: ಮೊದಲು ಮೇವಿನ ನೆಲ, ಆಮೇಲೆ ಕೋಡಿ (ಹೆಚ್ಚಾದ ನೀರು ಒಡ್ಡು ದಾಟಿ ಹೋಗುವ ಬಾಯಿ) ಮತ್ತು ಒಡ್ಡು, ಕಟ್ಟಕಡೆಗೆ ಕೊರಕಲು. ಶುರು ಮಾರ್ಚ್ ಕೊನೆಗೆ. ಮಣ್ಣಿನ ಕೆಲಸ ರೋಹಿಣಿ ಮಳೆಯೊಳಗೆ (ಮೇ ಕೊನೆ, ಜೂನ್ ಮೊದಲ ವಾರ) ಮುಗಿಯಬೇಕು ಎಂಬ ಗಡುವು.

ಮಟ್ಟ ಹಿಡಿದಾಗ ಕಂಡದ್ದು

ಸಾಮಾನು ಇಷ್ಟೇ: 8 ಮಿ.ಮೀ. ಒಳವ್ಯಾಸದ ಪಾರದರ್ಶಕ ಪೈಪು 60 ಅಡಿ, 5 ಅಡಿಯ ಎರಡು ನೆಟ್ಟನೆ ಕೋಲು, ಪ್ರತಿ ಕೋಲಿಗೆ ಅಂಟಿಸಿದ ಒಂದು ಅಳತೆ ಪಟ್ಟಿ, ಸುಣ್ಣ, ಗೂಟ. ಪೈಪಿಗೆ ನೀರು ತುಂಬುವಾಗ ಕೊಡವನ್ನು ಎತ್ತರದಲ್ಲಿಟ್ಟು ಒಂದು ತುದಿಯಿಂದ ಎಳೆದುಕೊಳ್ಳಬೇಕು. ಮೇಲಿನಿಂದ ಸುರಿದರೆ ಗುಳ್ಳೆ ಸೇರುತ್ತದೆ. ಒಂದೇ ಒಂದು ಗುಳ್ಳೆ ಒಳಗೆ ಕೂತರೂ ಅಳತೆ ಸುಳ್ಳಾಗುತ್ತದೆ. ಇನ್ನೊಂದು ಮೋಸ ಬಿಸಿಲಿನದು. ಪೈಪಿನ ಅರ್ಧ ಬಿಸಿಲಲ್ಲಿ, ಅರ್ಧ ಬೇವಿನ ನೆರಳಲ್ಲಿ ಬಿದ್ದಿದ್ದರೆ ಬಿಸಿಯಾದ ಕಡೆ ನೀರು ಹಗುರಾಗಿ ಮಟ್ಟ ಮೇಲೇರಿರುತ್ತದೆ. ಬೆಳಿಗ್ಗೆ 9ರೊಳಗೆ ಅಳತೆ ಮುಗಿಸುವುದು ಒಳ್ಳೆಯದು. ದಿನಕ್ಕೊಮ್ಮೆಯಾದರೂ ಎರಡೂ ಕೋಲನ್ನು ಒಂದೇ ಕಲ್ಲಿನ ಮೇಲೆ ನಿಲ್ಲಿಸಿ ಎರಡರ ಓದು ಒಂದೇ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಒಡ್ಡಿನ ತಲೆಯ ಮೇಲೆ 20 ಅಡಿಗೊಂದರಂತೆ ಅಳೆದದ್ದರಲ್ಲಿ ಎಲ್ಲ ಗುಟ್ಟು ಹೊರಬಿತ್ತು. ದಕ್ಷಿಣದ ತುದಿಯಲ್ಲಿ ಹಿರಿಯರು ಕಟ್ಟಿದ ಕಲ್ಲಿನ ಕೋಡಿ ಇದೆ. ಆದರೆ ಒಡ್ಡು ಕಿತ್ತುಹೋದ ಜಾಗದ ಎರಡೂ ಅಂಚಿನಲ್ಲಿ ಒಡ್ಡಿನ ತಲೆ ಆ ಕೋಡಿಯ ಬಾಯಿಗಿಂತ 4 ಇಂಚು ಕೆಳಗಿತ್ತು. ಅಂದರೆ ನೀರು ಕೋಡಿ ಮುಟ್ಟುವ ಮೊದಲೇ ಒಡ್ಡಿನ ನಡುವೆ ಹಾಯುತ್ತಿತ್ತು. ಕೋಡಿ ಇದ್ದೂ ಇಲ್ಲದಂತೆ.

ನಡು ಯಾಕೆ ಕುಸಿದಿತ್ತು? ಅದು ದನ ದಾಟುವ ಜಾಗ. ಮೇಲಿನ ಹುಲ್ಲಿನಿಂದ ಕೆಳಗಿನ ಕೂಳೆಗೆ ಇಳಿಯಲು ದನಗಳು ವರ್ಷಗಟ್ಟಲೆ ಒಂದೇ ಕಡೆ ಒಡ್ಡು ಹತ್ತಿಳಿದಿವೆ. ಗೊರಸಿನ ಏಟಿಗೆ ತಲೆ ಸವೆದು ತೊಟ್ಟಿಲಾಗಿದೆ. ಇದನ್ನು ಬಿಟ್ಟು ಬರೀ ಒಡ್ಡು ಕಟ್ಟಿದರೆ ದನ ಮತ್ತೆ ಅಲ್ಲೇ ದಾಟುತ್ತದೆ, ಒಡ್ಡು ಮತ್ತೆ ಅಲ್ಲೇ ಒಡೆಯುತ್ತದೆ.

ಉಳಿದ ಓದುಗಳು: ಮೇವಿನ ನೆಲದ ಇಳಿಜಾರು ನೂರಕ್ಕೆ 4, ಕೊರಕಲಿನ ತಳದ್ದು ನೂರಕ್ಕೆ 5. ಅಂದರೆ 200 ಅಡಿಯಲ್ಲಿ 10 ಅಡಿ ಇಳಿತ.

ಮೇಲಿನ ನೆಲ: ದನ ಹೊರಗೆ, ಗುಂಡಿ, ಬೀಜ

ಆರೂ ಎಕರೆ ಮುಚ್ಚಬೇಕೆಂಬ ಆಸೆ ಇತ್ತು, ಬಣವೆ ಒಪ್ಪಲಿಲ್ಲ. ಲೆಕ್ಕ ಹೀಗೆ: ನಾಲ್ಕು ದನ, ತಲೆಗೆ ದಿನಕ್ಕೆ 7 ಕೆ.ಜಿ. ಒಣಮೇವು, ಜೂನ್‌ನಿಂದ ಅಕ್ಟೋಬರ್‌ವರೆಗೆ 150 ದಿನ. ಒಟ್ಟು 4,200 ಕೆ.ಜಿ. ಬಣವೆಯಲ್ಲಿ ಇದ್ದ ಜೋಳದ ಕಣಿಕೆ ಮತ್ತು ಶೇಂಗಾ ಹೊಟ್ಟು ಎಲ್ಲ ಸೇರಿ 2 ಟನ್ನಿನ ಆಸುಪಾಸು. ಆದ್ದರಿಂದ ಈ ವರ್ಷ ಮುಚ್ಚಿದ್ದು ಮೇಲಿನ 3 ಎಕರೆ ಮತ್ತು ಒಡ್ಡಿಗೆ ತಾಗಿದ 10 ಅಡಿ ಪಟ್ಟಿ ಮಾತ್ರ. ಮೇವಿನ ಲೆಕ್ಕ ಹಾಕದೆ ಬೇಲಿ ಹಾಕಿದವರ ಬೇಲಿಯನ್ನು ಆಗಸ್ಟ್‌ನಲ್ಲಿ ಅವರ ದನಗಳೇ ಮುರಿಯುತ್ತವೆ. ಹಾಗೆ ನುಗ್ಗಿದ ದನ ಮಳೆ ಹಿಂದಾಗಿ ಬಾಡಿದ ಎಳೆ ಜೋಳಕ್ಕೋ ಕೂಳೆ ಚಿಗುರಿಗೋ ಬಾಯಿ ಹಾಕಿದರೆ ವಿಷವೇರಿ ಸಾಯುವ ಅಪಾಯವೂ ಇದೆ.

ಅಡ್ಡ ಬೇಲಿ 375 ಅಡಿ, ಬಳ್ಳಾರಿ ಜಾಲಿಯ ಮುಳ್ಳುಕಂಟಿಯದು. ಕಂಟಿಯನ್ನು ಕಾಯಿ ಬಲಿಯುವ ಮೊದಲೇ ಕಡಿದಿರಬೇಕು. ಬಲಿತ ಕಾಯಿ ಇರುವ ಕಂಟಿ ತಂದು ಹಾಕಿದರೆ ದನ ಕಾಯಿ ತಿಂದು ಸಗಣಿಯಲ್ಲಿ ಬೀಜ ಬಿತ್ತುತ್ತದೆ. ಮೂರೇ ವರ್ಷದಲ್ಲಿ ಹುಲ್ಲಿನ ಜಾಗ ಜಾಲಿಯದು. ಹೊಲದೊಳಗೇ ಎದ್ದಿದ್ದ ಜಾಲಿ ಬುಡಗಳನ್ನು ನೆಲಕ್ಕೆ ಸಮ ಕಡಿದು ಬಿಡಲಿಲ್ಲ. ಹಾಗೆ ಬಿಟ್ಟರೆ ಒಂದಕ್ಕೆ ಹತ್ತು ಚಿಗುರುತ್ತದೆ. ಪಿಕಾಸಿಯಿಂದ ಒಂದಡಿ ಕೆಳಗಿನವರೆಗೆ ಬಿಡಿಸಿ ಬೇರಿನ ತಲೆಯನ್ನೇ ಕತ್ತರಿಸಿ ತೆಗೆಯಲಾಯಿತು.

ಮೇಲಿನ 3 ಎಕರೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ, ಮಟ್ಟದ ಗೆರೆಯ ಮೇಲೆ ನಾಲ್ಕು ಸಾಲು ಗುಂಡಿ. ಒಂದೊಂದು 10 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಗುಂಡಿ ಗುಂಡಿಯ ನಡುವೆ 15 ಅಡಿ ಬಿಡುವು. ಕೆಳಗಿನ ಸಾಲಿನ ಗುಂಡಿ ಮೇಲಿನ ಸಾಲಿನ ಬಿಡುವಿಗೆ ಎದುರಾಗಿ ಬರಬೇಕು. ಸಾಲಿಗೆ 15ರಂತೆ 60 ಗುಂಡಿ. ತೆಗೆದ ಮಣ್ಣು ಕೆಳಬದಿಗೆ, ಅಂಚಿನಿಂದ ಅರ್ಧ ಅಡಿ ಬಿಟ್ಟು. ಅಂಚಿಗೇ ಹಾಕಿದರೆ ಮೊದಲ ಮಳೆಗೇ ಮಣ್ಣು ವಾಪಸು ಗುಂಡಿಗೆ. ಗುಂಡಿಯ ಮೇಲ್ಬದಿಯನ್ನು ನೆಟ್ಟಗೆ ಇಳಿಸದೆ ಓರೆಯಾಗಿ ತೆಗೆಯಬೇಕು. ಹುಲ್ಲು ಬೆಳೆದು ಮುಚ್ಚಿದ ಮೇಲೆ ನೆಟ್ಟಗಿನ ಗುಂಡಿಗೆ ಆಕಳು ಕಾಲಿಟ್ಟರೆ ಕಾಲು ಮುರಿದ ಹಾಗೆಯೇ.

ಈ ಗುಂಡಿಗಳ ಬಗ್ಗೆ ಒಂದು ಭ್ರಮೆ ಇದೆ, ನೀರೆಲ್ಲ ಇಲ್ಲೇ ನಿಲ್ಲುತ್ತದೆ ಎಂದು. ಒಂದು ಗುಂಡಿ ಹಿಡಿಯುವುದು ಸುಮಾರು 640 ಲೀಟರ್. ಅರವತ್ತೂ ತುಂಬಿದರೆ 38 ಸಾವಿರ ಲೀಟರ್. ಆರು ಎಕರೆಯ ಮೇಲೆ ಹರಡಿದರೆ ಇದು ಒಂದೂವರೆ ಮಿ.ಮೀ. ಹರಿವಿಗೆ ಸಮ. ಬಿರುಸಿನ ಮಳೆಯನ್ನು ಗುಂಡಿ ತಡೆಯುವುದಿಲ್ಲ. ಗುಂಡಿಯ ಕೆಲಸ ಬೇರೆ: ಸಣ್ಣ ಮಳೆಯ ನೀರನ್ನು ಹುಲ್ಲಿನ ಬೇರಿಗೆ ಕೊಡುವುದು, ಬೀಜ ಕೊಚ್ಚಿಹೋಗದಂತೆ ಹಿಡಿಯುವುದು. ಬಿರುಸಿನ ಮಳೆಗೆ ಕೋಡಿಯೇ ಬೇಕು.

ಬೀಜ: ಎಕರೆಗೆ 2 ಕೆ.ಜಿ. ಸ್ಟೈಲೋ ಹೆಮಾಟ, 2 ಕೆ.ಜಿ. ಅಂಜನ್ ಹುಲ್ಲು. ಒಂದು ದ್ವಿದಳ, ಇನ್ನೊಂದು ಹುಲ್ಲು. ಬೀಜ ಹುಡುಕುವವರಿಗೆ ಧಾರವಾಡ ಹತ್ತಿರ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಕೃಷಿ ವಿಶ್ವವಿದ್ಯಾಲಯವೂ ಅಲ್ಲೇ ಇವೆ. ಸ್ಟೈಲೋ ಬೀಜದ ತೊಗಟೆ ಗಟ್ಟಿ. ಹಾಗೇ ಬಿತ್ತಿದರೆ ಬಹುಪಾಲು ಮೊಳೆಯದೆ ಮಲಗಿರುತ್ತದೆ. 80 ಡಿಗ್ರಿ ಬಿಸಿ ನೀರಿನಲ್ಲಿ 4–5 ನಿಮಿಷ ಇಟ್ಟು ತೆಗೆದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಕುದಿಯುವ ನೀರು ಬೇಡ, ಬೀಜ ಬೆಂದುಹೋಗುತ್ತದೆ. ಅಂಜನ್‌ದು ಬೇರೆ ಸ್ವಭಾವ: ಹೊಸ ಬೀಜಕ್ಕೆ ಸುಪ್ತಾವಸ್ಥೆ ಇರುತ್ತದೆ, ಆರು ತಿಂಗಳಾದರೂ ಹಳತಾದ ಬೀಜವೇ ಚೆನ್ನಾಗಿ ಹುಟ್ಟುತ್ತದೆ. ಬೀಜದ ಸುತ್ತ ನವಿರಾದ ಕೂದಲಿರುವುದರಿಂದ ಗಾಳಿಗೆ ಹಾರುತ್ತದೆ. ಒಂದು ಪಾಲು ಬೀಜಕ್ಕೆ ನಾಲ್ಕು ಪಾಲು ಹಸಿ ಮರಳು ಕಲಸಿ ಚೆಲ್ಲಿದರೆ ನಿಂತಲ್ಲೇ ಬೀಳುತ್ತದೆ.

ನೆಲ ಉಳಲಿಲ್ಲ. ಇರುವ ಕರಡದ ಹುಲ್ಲನ್ನು ಕಿತ್ತು ಹೊಸದನ್ನು ಬಿತ್ತುವುದು ಮೂರ್ಖತನ. ಮಟ್ಟದ ಗೆರೆಗೆ ಸರಿಯಾಗಿ 3 ಅಡಿ ಅಗಲದ ಪಟ್ಟಿಗಳಲ್ಲಿ ಕುಂಟೆಯನ್ನು ಒಮ್ಮೆ ಹಗುರಾಗಿ ಎಳೆದು, ಬೀಜ ಚೆಲ್ಲಿ, ಜಾಲಿಯ ಒಂದು ಕೊಂಬೆಯನ್ನು ಮೇಲೆ ಎಳೆದದ್ದಷ್ಟೇ. ಬೀಜ ಬೆರಳುಗುರಿನಷ್ಟು ಆಳಕ್ಕಿಂತ ಕೆಳಗೆ ಹೋಗಬಾರದು. ಒಂದು ಪಟ್ಟಿಯನ್ನು ರೋಹಿಣಿಗೇ, ಒಣ ನೆಲಕ್ಕೆ ಬಿತ್ತಿ ನೋಡಲಾಯಿತು. ಅಂಜನ್ ಬೀಜವನ್ನು ಇರುವೆ ಸಾಲುಗಟ್ಟಿ ಹೊತ್ತುಕೊಂಡು ಹೋದವು. ಉಳಿದ ಪಟ್ಟಿಗಳನ್ನು ಮಿರಗದ (ಮೃಗಶಿರಾ) ಮಳೆ ಬಿದ್ದು ನಾಲ್ಕು ಬೆರಳು ಹಸಿಯಾದ ಮೇಲೆ ಬಿತ್ತಿದ್ದು, ಅವು ಹುಟ್ಟಿದವು. ಜುಲೈನಲ್ಲಿ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು ಒಂದು ಕೈ ಕಿತ್ತದ್ದು. ಕೈಗವಸು ಇಲ್ಲದೆ ಮುಟ್ಟಬೇಡಿ, ತುರಿಕೆ ಬಿಡುವುದಿಲ್ಲ.

ಕೋಡಿ ಮೊದಲು, ಒಡ್ಡು ಆಮೇಲೆ

ಕೋಡಿ ಎಷ್ಟು ಅಗಲ ಬೇಕು ಎನ್ನುವುದು ಅಂದಾಜಿನ ಮಾತಲ್ಲ, ಲೆಕ್ಕದ ಮಾತು. ಆರು ಎಕರೆ ಅಂದರೆ 24,280 ಚದರ ಮೀಟರ್. ಗಂಟೆಗೆ 90 ಮಿ.ಮೀ. ರಭಸದ ಮಳೆ ಬಿದ್ದು ಅದರಲ್ಲಿ ನೂರಕ್ಕೆ 60 ಹರಿದು ಬಂತು ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 360 ಲೀಟರ್. ಗದಗ ಸೀಮೆಯಲ್ಲಿ ವರ್ಷದ ಮಳೆ ಕಡಿಮೆ ಎಂದು ಇದನ್ನು ಇಳಿಸುವುದು ತಪ್ಪು. ಒಡ್ಡು ಒಡೆಯುವುದು ವರ್ಷದ ಮಳೆಗಲ್ಲ, ಅರ್ಧ ಗಂಟೆಯ ಮಳೆಗೆ. 8 ಇಂಚು ದಪ್ಪ ಹರಿಯುವ ನೀರು ಒಂದು ಮೀಟರ್ ಅಗಲದ ಕೋಡಿಯಲ್ಲಿ ಸೆಕೆಂಡಿಗೆ ಸುಮಾರು 150 ಲೀಟರ್ ದಾಟುತ್ತದೆ. ಹಾಗಾಗಿ ಬೇಕಾದ ಅಗಲ 2.4 ಮೀಟರ್, ನಮ್ಮ ಅಳತೆಯಲ್ಲಿ 8 ಅಡಿ. ಹಳೇ ಕೋಡಿ ಇದ್ದದ್ದು ಮೂರೂವರೆ ಅಡಿ.

ಎತ್ತರದ ಹಂಚಿಕೆ: ನೆಲದಿಂದ ಕೋಡಿಯ ಬಾಯಿ 12 ಇಂಚು, ಅದರ ಮೇಲೆ ಹರಿವಿಗೆ 8 ಇಂಚು, ಅದರ ಮೇಲೆ ಬರೀ ರಕ್ಷಣೆಗೆ 10 ಇಂಚು. ಒಟ್ಟು ಒಡ್ಡಿನ ಎತ್ತರ 30 ಇಂಚು. ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಬಾಯಿಗೆ ಒಂದು ಸಾಲು ಕಲ್ಲು ಏರಿಸುವ ಚಟ ಬಹಳ ಜನರಿಗಿದೆ. ಏರಿಸಿದ ಪ್ರತಿ ಇಂಚೂ ರಕ್ಷಣೆಯ 10 ಇಂಚಿನಿಂದ ಕಳೆಯುತ್ತದೆ.

ಕೋಡಿಯನ್ನು ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಕೂರಿಸಬಾರದು. ದಕ್ಷಿಣದ ತುದಿಯಲ್ಲಿ ಗಟ್ಟಿ ಗರಸು ಇದ್ದುದರಿಂದ ಅದೇ ಜಾಗವನ್ನು ಅಗಲ ಮಾಡಿದ್ದು. 9 ಇಂಚು ಪಾಯ ತೆಗೆದು, 3 ಇಂಚು ಗರಸು ಹರಡಿ ದಮ್ಮಸು ಮಾಡಿ (ಬಡಿದು ಗಟ್ಟಿ ಮಾಡಿ), ಅದರ ಮೇಲೆ ಕಲ್ಲನ್ನು ಅಗಲದ ಮೇಲಲ್ಲ, ಉದ್ದವನ್ನು ನೆಲಕ್ಕೆ ಇಳಿಸಿ ಒತ್ತೊತ್ತಾಗಿ ನಿಲ್ಲಿಸಲಾಯಿತು. ಮಲಗಿಸಿದ ಚಪ್ಪಟೆ ಕಲ್ಲನ್ನು ನೀರು ತಟ್ಟೆಯ ಹಾಗೆ ಎತ್ತಿ ಒಯ್ಯುತ್ತದೆ. ಮೊದಲ ಸಲ ಕಟ್ಟಿದಾಗ ಬಾಯಿಯ ಒಂದು ತುದಿ ಇನ್ನೊಂದಕ್ಕಿಂತ 2 ಇಂಚು ಎತ್ತರವಾಗಿತ್ತು. ಕಣ್ಣಿಗೆ ಸಮ ಕಾಣುತ್ತಿತ್ತು, ಪೈಪು ಹೇಳಿತು. ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಹಾಗೇ ಬಿಟ್ಟಿದ್ದರೆ ನೀರೆಲ್ಲ ತಗ್ಗಿನ ತುದಿಯಲ್ಲೇ ನುಗ್ಗಿ ಅಲ್ಲೇ ಕೊರೆಯುತ್ತಿತ್ತು.

ಕೋಡಿ ದಾಟಿದ ನೀರು ಎಲ್ಲಿಗೆ? ಪಕ್ಕದವರ ಹೊಲಕ್ಕೆ ಬಿಟ್ಟರೆ ಕೋರ್ಟು. ಹೊಲದ ಅಂಚಿನಲ್ಲೇ 8 ಅಡಿ ಅಗಲದ, ತಟ್ಟೆಯಂತೆ ಮೆಲ್ಲಗೆ ತಗ್ಗಾದ ಕಾಲುವೆ ತೆಗೆದು, ಮೊದಲಿನಿಂದಲೂ ನೀರು ಸೇರುತ್ತಿದ್ದ ಹಳ್ಳಕ್ಕೇ ಮುಟ್ಟಿಸಲಾಯಿತು. ಅದರ ಮೈಮೇಲೆ ಹುಲ್ಲು ಇರಬೇಕು, ಉಳಬಾರದು. ಕರಕಿ (ಗರಿಕೆ ಹುಲ್ಲು) ಮಾತ್ರ ತಂದು ಹಚ್ಚಬೇಡಿ. ಮಣ್ಣು ಹಿಡಿಯುವುದರಲ್ಲಿ ಕರಕಿಯಂಥದ್ದು ಇನ್ನೊಂದಿಲ್ಲ, ನಿಜ. ಆದರೆ ಪಕ್ಕದಲ್ಲಿ ಎರಿ ಹೊಲ ಇದೆ. ಎರಿಯೊಳಗೆ ಕರಕಿ ಹೊಕ್ಕರೆ ಅಗೆದು ತೆಗೆಸುವ ಆಳಿನ ಕೂಲಿಯೇ ಪೀಕಿಗಿಂತ ಹೆಚ್ಚು. ಇಲ್ಲಿ ಲಾವಂಚ ಹಾಕಿದ್ದು. ಮೂರು ಮೂರು ತೆಂಡೆಯ ಕಂತೆ, ಎಲೆ ಒಂದು ಗೇಣಿಗೆ ಕತ್ತರಿಸಿದ್ದು, 5 ಇಂಚಿಗೊಂದರಂತೆ, ಹರಿವಿಗೆ ಅಡ್ಡಲಾಗಿ ಒಂಟಿ ಸಾಲು. ಸಾಲಿನಲ್ಲಿ ಒಂದಡಿ ಸಂದು ಬಿಟ್ಟರೂ ನೀರು ಅಲ್ಲಿಯೇ ಬಾಗಿಲು ಮಾಡಿಕೊಳ್ಳುತ್ತದೆ. ಅದಕ್ಕೇ ಸತ್ತ ಕಂತೆಗಳ ಜಾಗಕ್ಕೆ ಆರಿದ್ರಾ ಮಳೆಯಲ್ಲಿ ಬೇರೆ ತುಂಬಿಸಿದ್ದು.

ಈಗ ಒಡ್ಡು. ಕಿತ್ತುಹೋದ 12 ಅಡಿಯ ಎರಡೂ ಅಂಚು ಗೋಡೆಯಂತೆ ನೆಟ್ಟಗಿದ್ದವು. ಹಾಗೇ ನಡುವೆ ಮಣ್ಣು ತುಂಬಿದರೆ ಹಳತು ಹೊಸತು ಬೆಸೆಯುವುದಿಲ್ಲ, ಹೊಸ ಮಣ್ಣು ಕುಳಿತಾಗ ಬೆಸುಗೆಯಲ್ಲಿ ಸೀಳು ಬಿಡುತ್ತದೆ. ಎರಡೂ ಕಡೆ ಗಟ್ಟಿ ಮಣ್ಣು ಸಿಗುವ ತನಕ ಓರೆಯಾಗಿ ಕಡಿದಾಗ ಮೇಲಿನ ಅಗಲ 16 ಅಡಿಯಾಯಿತು. ಇಲಿ ಬಿಲ ನಾಲ್ಕು ಸಿಕ್ಕವು. ಬಾಯಿ ಮುಚ್ಚಿದರೆ ಸಾಲದು, ಬಿಲದ ಕೊನೆಯವರೆಗೆ ಅಗೆದು ತುಂಬಬೇಕು. ತಳದಲ್ಲಿ ಹುಲ್ಲು ಕೆರೆದು, ನಡುವೆ 2 ಅಡಿ ಅಗಲ, 1 ಅಡಿ ಆಳದ ಪಾಯ ತೆಗೆದು, ಅದರಲ್ಲಿ ಎರಿ ಮಣ್ಣು ತುಂಬಿ ಗಟ್ಟಿ ಮಾಡಲಾಯಿತು.

ಒಡ್ಡಿನ ಅಳತೆ: ತಲೆ 2 ಅಡಿ, ಎತ್ತರ ಎರಡೂವರೆ ಅಡಿ, ಬುಡ ಒಂಬತ್ತೂವರೆ ಅಡಿ. ಒಳಗೆ ಎರಿ, ಹೊರಗೆ ಸುತ್ತ 6 ಇಂಚು ಗರಸು. ಈ ಹೊರ ಹೊದಿಕೆಯೇ ಮುಖ್ಯ. ಬರೀ ಎರಿಯಿಂದ ಕಟ್ಟಿದ ಒಡ್ಡು ಏಪ್ರಿಲ್ ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಮೊದಲ ಮಳೆಯ ನೀರು ಮಣ್ಣು ಹಿಗ್ಗಿ ಮುಚ್ಚಿಕೊಳ್ಳುವ ಮೊದಲೇ ಬಿರುಕಿನಲ್ಲಿ ಹೊಕ್ಕು ಆಚೆ ಬದಿಗೆ ಹೊರಡುತ್ತದೆ, ಒಳಗೇ ಸುರಂಗ ಕೊರೆಯುತ್ತದೆ. ಬರೀ ಗರಸಿನಿಂದ ಕಟ್ಟಿದ್ದು ಸೋರುತ್ತದೆ. ಎರಡೂ ಬೇಕು.

ಮಣ್ಣನ್ನು ಅರ್ಧ ಅಡಿಯ ಪದರಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರನ್ನೂ ದಮ್ಮಸು ಬಡಿದು ಗಟ್ಟಿ ಮಾಡಬೇಕು. ಹದ ನೋಡುವುದು ಹೀಗೆ: ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಅಂಟಬಾರದು, ಎದೆಯೆತ್ತರದಿಂದ ಬಿಟ್ಟರೆ ನಾಲ್ಕೈದು ಹೋಳಾಗಬೇಕು. ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಹೆಚ್ಚು. 16 ಅಡಿಯ ಈ ತುಂಡಿಗೆ ಲೆಕ್ಕದಲ್ಲಿ 2 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಮಣ್ಣು, ತಂದದ್ದು 3 ಬ್ರಾಸ್. ದಮ್ಮಸಿಗೆ ಅಷ್ಟು ಇಳಿಯುತ್ತದೆ. ಮುಂದೆ ಕುಳಿತುಕೊಳ್ಳುವುದಕ್ಕೆಂದು ತಲೆಯನ್ನು 6 ಇಂಚು ಹೆಚ್ಚಿಗೆ ಏರಿಸಿ, ಪಕ್ಕದಲ್ಲಿ ಒಂದು ಗೂಟ ನೆಟ್ಟು ಗುರುತು ಮಾಡಲಾಯಿತು.

ಎಡವಟ್ಟು ಆದದ್ದು ಮಣ್ಣು ತೆಗೆದ ಜಾಗದಲ್ಲಿ. “ಸಾವ್ಕಾರ್ರ, ಇಲ್ಲೇ ಒಡ್ಡಿನ ಬುಡದಾಗ ಮಣ್ಣು ಐತಿ, ದೂರದಿಂದ ಯಾಕ ತರೂದು?” ಎಂದ ಜೆಸಿಬಿ ಹುಡುಗ, ಯಾರೂ ಬೇಡ ಎನ್ನುವುದರೊಳಗೆ ಒಡ್ಡಿಗೆ ತಾಗಿ 40 ಅಡಿ ಉದ್ದ ತೋಡಿಬಿಟ್ಟ. ಒಡ್ಡಿನ ಬುಡದ ಉದ್ದಕ್ಕೂ ಇಂಥ ತಗ್ಗು ಇದ್ದರೆ ಅದು ಕಾಲುವೆಯಾಗಿ ಹರಿದು ಬುಡವನ್ನೇ ಕೊರೆಯುತ್ತದೆ. ತುಂಬುವಷ್ಟು ಮಣ್ಣು ಮತ್ತೆ ತರುವುದು ದುಬಾರಿಯಾದ್ದರಿಂದ 10 ಅಡಿಗೊಂದು ಅಡ್ಡ ಮಣ್ಣಿನ ದಿಂಡು ಕಟ್ಟಿ ತಗ್ಗನ್ನು ತುಂಡು ತುಂಡು ಮಾಡಿದ್ದು. ನೀರು ನಿಂತೀತು, ಹರಿಯದು. ಮೊದಲೇ ಒಡ್ಡಿನಿಂದ 10 ಅಡಿ ದೂರ ಸುಣ್ಣದ ಗೆರೆ ಎಳೆದು ಇಟ್ಟಿದ್ದರೆ ಇಷ್ಟೂ ಬೇಕಿರಲಿಲ್ಲ.

ದನ ದಾಟುವ ಜಾಗವನ್ನು ಮುಚ್ಚಲಿಲ್ಲ, ಬದಲಿಸಿದ್ದು. ಉತ್ತರದ ತುದಿಗೆ, ಒಡ್ಡಿನ ಎರಡೂ ಬದಿಗೆ 1 ಅಡಿ ಏರಿಗೆ 5 ಅಡಿ ಉದ್ದದ ಹದವಾದ ಇಳಿಜಾರು, 8 ಅಡಿ ಅಗಲ, ಮೇಲೆ 9 ಇಂಚು ಗರಸು. ಅಲ್ಲಿ ಒಡ್ಡಿನ ತಲೆ ಉಳಿದ ಕಡೆಗಿಂತ 4 ಇಂಚು ಎತ್ತರ, ಸವೆದರೂ ಕೋಡಿಗಿಂತ ಕೆಳಗೆ ಹೋಗದಿರಲಿ ಎಂದು. ಹಳೇ ದಾರಿಗೆ ಮುಳ್ಳು ಹಾಕಿ, ಹೊಸ ದಾರಿಯಾಚೆ ಎರಡು ದಿನ ಹಿಂಡಿ ಇಟ್ಟರೆ ದನ ಕಲಿಯುತ್ತದೆ.

ಕೊರಕಲಿನಲ್ಲಿ ಕಲ್ಲಿನ ತಡೆ

ಕಲ್ಲು ಹೊಲದಲ್ಲಿ ಆಯ್ದದ್ದು ಮತ್ತು ಊರ ಹಳೇ ಕಟ್ಟೆ ಬಿಚ್ಚಿದಾಗ ಸಿಕ್ಕದ್ದು. ಗುಡ್ಡದಿಂದ ತರುವ ಮಾತೇ ಇಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಕಲ್ಲು ಎತ್ತುವುದು ಅಪರಾಧ. ಈ ಸೆರಗಿನಲ್ಲಿ ಪದರು ಪದರಾಗಿ ಏಳುವ ಮೆತ್ತಗಿನ ಕಲ್ಲು ಬಹಳ. ನೋಡಲು ದೊಡ್ಡದು, ಎರಡು ಮಳೆಗೆ ಒಡೆದು ಚಕ್ಕೆಯಾಗುತ್ತದೆ. ಸುತ್ತಿಗೆಯಿಂದ ಬಡಿದಾಗ ಠಣ್ ಎಂದರೆ ಇಟ್ಟುಕೊಳ್ಳಿ, ದಬ್ ಎಂದರೆ ಬಿಡಿ.

ತಡೆಗಳ ಅಂತರಕ್ಕೆ ಸೂತ್ರ ಸುಲಭ: ಕೆಳಗಿನ ತಡೆಯ ನೀರು ಹಾಯುವ ತಲೆ, ಮೇಲಿನ ತಡೆಯ ಬುಡಕ್ಕೆ ಸಮನಾಗಿರಬೇಕು. ಹಾಯುವ ಎತ್ತರ 2 ಅಡಿ, ತಳದ ಇಳಿಜಾರು ನೂರಕ್ಕೆ 5. ಆದ್ದರಿಂದ ಅಂತರ 40 ಅಡಿ, ಒಟ್ಟು ಐದು ತಡೆ. ಒಂದೇ ಕಡೆ 4 ಅಡಿ ಎತ್ತರದ ದೊಡ್ಡ ತಡೆ ಕಟ್ಟಿ ಕೈ ತೊಳೆದುಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಬರೀ ಜೋಡಿಸಿದ ಕಲ್ಲಿಗೆ ಅಷ್ಟು ಎತ್ತರದ ನೀರಿನ ಬೀಳುವಿಕೆ ತಡೆಯುವ ಶಕ್ತಿ ಇಲ್ಲ.

ಒಂದು ತಡೆಯ ಅಳತೆ: ತಲೆ ಒಂದೂವರೆ ಅಡಿ, ನೀರು ಬರುವ ಬದಿ ಒಂದಕ್ಕೊಂದು ಓರೆ, ಇಳಿಯುವ ಬದಿ ಒಂದಕ್ಕೆರಡು ಓರೆ. ಹಾಗಾಗಿ ಬುಡ ಏಳೂವರೆ ಅಡಿ. ತಳದಲ್ಲಿ 9 ಇಂಚು ಪಾಯ. ನಡುವೆ 4½ ಅಡಿ ಅಗಲ 2 ಅಡಿ ಎತ್ತರದಲ್ಲಿ ನಿಲ್ಲಿಸಿ, ಎರಡೂ ಭುಜ 3 ಅಡಿ. ಮೇಲಿನ ಒಡ್ಡು ಮತ್ತೆ ಕೈಕೊಟ್ಟರೂ ಆ 360 ಲೀಟರ್ ಈ ನಡುತಗ್ಗಿನಲ್ಲಿ ಹಾಯುತ್ತದೆ. ಇಳಿಯುವ ಬದಿಗೆ 4 ಅಡಿ ಕಲ್ಲು ಹಾಸು, ನೆಲಕ್ಕೆ ಸಮ. ಎಲ್ಲ ಸೇರಿ ತಡೆಗೆ ಸುಮಾರು 120 ಘನ ಅಡಿ, ಐದಕ್ಕೆ 6 ಬ್ರಾಸ್. ನಾಲ್ಕು ಆಳಿಗೆ ದಿನಕ್ಕೊಂದು ತಡೆ.

ದೊಡ್ಡ ಕಲ್ಲು ಇಳಿಯುವ ಬದಿಗೆ ಮತ್ತು ನಡುತಗ್ಗಿನ ತಲೆಗೆ. ಸಣ್ಣವು ಹೊಟ್ಟೆಯೊಳಗೆ ಮತ್ತು ನೀರು ಬರುವ ಬದಿಗೆ. ನಾಲ್ಕನೇ ತಡೆಯಲ್ಲಿ ಸಂಜೆ ಅವಸರಕ್ಕೆ ಇದು ತಿರುವುಮುರುವಾಗಿತ್ತು. ಮೇ ತಿಂಗಳ ಅಡ್ಡಮಳೆಗೇ ಇಳಿಯುವ ಬದಿಯ ಸಣ್ಣ ಕಲ್ಲು ಒಂದು ಬುಟ್ಟಿಯಷ್ಟು ಕಿತ್ತು ಐದನೇ ತಡೆಯ ಮುಂದೆ ಬಿದ್ದಿತ್ತು.

ಅದೇ ಮಳೆಗೆ ಎರಡನೇ ತಡೆ ಇನ್ನೂ ಕೆಟ್ಟ ರೀತಿಯಲ್ಲಿ ಸೋತಿತು. ಕಲ್ಲು ಒಂದೂ ಅಲುಗಿರಲಿಲ್ಲ, ನೀರು ಅದರ ಪಕ್ಕದ ದಂಡೆ ಕೊರೆದುಕೊಂಡು ಹೋಗಿತ್ತು. ಉಳಿದ ನಾಲ್ಕು ತಡೆಗಳ ಭುಜವನ್ನು ದಂಡೆಯೊಳಗೆ ಒಂದೂವರೆ ಅಡಿ ಹೊಗಿಸಿದ್ದರೆ, ಇಲ್ಲಿ ಹೊಗಿಸಿದ್ದು 9 ಇಂಚು. ಎರಿ ದಂಡೆ ಅಷ್ಟರ ಮಟ್ಟಿಗೆ ಬಿರಿದೇ ಇರುತ್ತದೆ. ಬಿರುಕಿಗೂ ಕಲ್ಲಿಗೂ ನಡುವಿನ ಸಂದಿಯೇ ನೀರಿಗೆ ದಾರಿ. ದಂಡೆಯನ್ನು ಎರಡೂವರೆ ಅಡಿ ಒಳಕ್ಕೆ ಕಡಿದು, ಕಲ್ಲು ಹೊಗಿಸಿ, ಹಿಂದೆ ಗರಸು ತುಂಬಿ ಹಾರೆಯಿಂದ ತಿವಿದು ಗಟ್ಟಿ ಮಾಡಲಾಯಿತು. ಎರಿಯಲ್ಲಿ ಇನ್ನು ಮುಂದೆ ಎಲ್ಲ ತಡೆಗೂ ಎರಡೂವರೆ ಅಡಿಯೇ ಎಂದು ಬರೆದಿಟ್ಟುಕೊಳ್ಳಿ. ಒಂದೂವರೆ ಮಸಾರಿಯ ಅಳತೆ.

ಕೊರಕಲಿನ ತಲೆ, ಅಂದರೆ ಒಡ್ಡಿನ ಕೆಳಗೇ ಇದ್ದ 4 ಅಡಿಯ ನೆಟ್ಟನೆ ಬೀಳು, ಅದನ್ನು 8 ಅಡಿ ಉದ್ದದ ಇಳಿಜಾರಾಗಿ ಕಡಿದು, 4 ಇಂಚು ಗರಸು ಹಾಸಿ ಮೇಲೆ ಕಲ್ಲು ಹೊದಿಸಿದ್ದು. ಗರಸು ಇಲ್ಲದೆ ಎರಿಯ ಮೇಲೇ ಕಲ್ಲು ಇಟ್ಟರೆ ಸಂದಿಯಿಂದ ಮಣ್ಣು ಸೋರಿ ಕಲ್ಲು ಕುಸಿಯುತ್ತದೆ. ಎರಿ ಹೊಲದಲ್ಲಿ ಜುಲೈನಲ್ಲೇ ಚೌಕುಮಡಿ (ಸಣ್ಣ ಬದುಗಳ ಚೌಕಗಳು) ಎಳೆದದ್ದರಿಂದ ಕೊರಕಲಿಗೆ ಸೇರುವ ನೀರೂ ಇಳಿಯಿತು.

ಸ್ವಾತಿ ಮಳೆ ಮುಗಿದ ಮೇಲೆ

ನವೆಂಬರ್‌ನಲ್ಲಿ ಎಲ್ಲವನ್ನೂ ಮತ್ತೆ ಅಳೆದದ್ದು. ಮೊದಲ ತಡೆಯ ಹಿಂದೆ ಹೂಳು 5 ಇಂಚು, ಐದನೆಯದರ ಹಿಂದೆ 11 ಇಂಚು. ಒಡ್ಡು ನಿಂತಿರುವುದರಿಂದ ಮೇಲಿನ ಹೂಳು ಬರುತ್ತಿಲ್ಲ, ಬರುತ್ತಿರುವುದು ಎರಿ ಹೊಲದ್ದೇ ಎಂದು ಇದರಿಂದ ತಿಳಿಯುತ್ತದೆ. ಹೂಳಿನ ಮೇಲೆ ಮುಂದಿನ ಮಿರಗಕ್ಕೆ ಲಾವಂಚ. ಕೋಡಿ ಎರಡು ಸಲ ಹರಿದ ಗುರುತು ಇದೆ, ದಪ್ಪ ಹೆಚ್ಚೆಂದರೆ 5 ಇಂಚು.

ಮುಚ್ಚಿದ 3 ಎಕರೆಯಲ್ಲಿ 1 ಮೀಟರ್ ಚೌಕದ ಪೈಪಿನ ಚೌಕಟ್ಟನ್ನು ಹತ್ತು ಕಡೆ ಕಣ್ಣುಮುಚ್ಚಿ ಎಸೆದು, ಒಳಗಿನ ಹುಲ್ಲು ಕೊಯ್ದು ಒಣಗಿಸಿ ತೂಗಿದಾಗ ಸರಾಸರಿ 150 ಗ್ರಾಂ. 3 ಎಕರೆಗೆ 1,800 ಕೆ.ಜಿ. ಅರ್ಧ ನೆಲಕ್ಕೇ ಬಿಡಬೇಕು, ಬೀಜಕ್ಕೂ ಹೊದಿಕೆಗೂ. ಉಳಿದ 900 ಕೆ.ಜಿ. ನಾಲ್ಕು ದನಕ್ಕೆ 32 ದಿನ. ಈ ವರ್ಷ ಅದನ್ನೂ ಮೇಯಿಸದೆ, ಅಂಜನ್ ಬೀಜ ಉದುರಿದ ಮೇಲೆ ಒಂದು ಗೇಣು ಬುಡ ಬಿಟ್ಟು ಕೊಯ್ದು ಹೊತ್ತು ತಂದದ್ದು. ಮುಂದಿನ ವರ್ಷ ಆರು ಎಕರೆಯನ್ನು ಎರಡೆರಡು ಎಕರೆಯ ಮೂರು ಭಾಗ ಮಾಡಿ ಸರದಿಯಲ್ಲಿ ಮೇಯಿಸುವುದು. ಸುಗ್ಗಿಯಾದ ಮೇಲೆ ಎರಿ ಹೊಲಕ್ಕೆ ಕುರಿ ಮಂದೆ ನಿಲ್ಲಿಸಲಿಕ್ಕೆ ಅಡ್ಡಿಯಿಲ್ಲ. ಆದರೆ ಮಂದೆ ರಾತ್ರಿ ಒಡ್ಡು ಮತ್ತು ಕೋಡಿಯ ಕಾಲುವೆಯಿಂದ ನೂರು ಅಡಿ ದೂರ ಮಲಗಲಿ, ಕಾಲುವೆಯ ಹೊಸ ಲಾವಂಚವನ್ನು ಇನ್ನೂರು ಕುರಿ ಒಂದೇ ರಾತ್ರಿಗೆ ಬೋಳು ಮಾಡುತ್ತವೆ.

ಗೂಟದ ಗುರುತಿಗೆ ಒಡ್ಡಿನ ಹೊಸ ತುಂಡಿನ ತಲೆ 5 ಇಂಚು ಇಳಿದಿದೆ. ಹೆಚ್ಚಿಗೆ ಇಟ್ಟ 6 ಇಂಚಿನಲ್ಲಿ ಉಳಿದದ್ದು ಒಂದೇ. ಏಪ್ರಿಲ್‌ನಲ್ಲಿ ಬಿರುಕು ನೋಡಿ, ಬೇಕಾದರೆ ಇನ್ನೂ 3 ಇಂಚು ಗರಸು ಏರಿಸಬೇಕು. ಅದಕ್ಕೆಂದು ಕಾಲು ಬ್ರಾಸ್ ಗರಸು ಉತ್ತರದ ತುದಿಯಲ್ಲಿ, ದನ ದಾಟುವ ದಾರಿಯ ಪಕ್ಕ, ಗುಂಪು ಹಾಕಿ ಇಟ್ಟಿದೆ.